ಸರ್ಕಾರಿ ಪ್ರೌಢಶಾಲೆ, ಹತ್ತನೆಯ ತರಗತಿ, ಫಲಿತಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಸಂತೆಗೆ ಹೋಗಲು ಹಿಂಜರಿಯುವ ಮೇಷ್ಟ್ರುಗಳ ಪೈಕಿ ನಾನೂ ಒಬ್ಬ. ಬದನೆಕಾಯಿ ತೂಗುವವರೂ ಶೇಕಡಾವಾರು ಕೇಳುತ್ತಾರೆ. ಬಸ್ ನಿಲ್ದಾಣ, ಕ್ಷೌರದಂಗಡಿ, ಮದುವೆ ಪಂಕ್ತಿ, ಎಲ್ಲಿ ಕುಳಿತರೂ ಅವೇ ಪ್ರಶ್ನೆಗಳು. ನಿಂತ ಕಾಲ ಮೇಲೆ ಕೊಟ್ಟ ಉತ್ತರಗಳು ಯಾವಾಗಲೂ ಅರ್ಧಕ್ಕೇ ನಿಂತವು. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನಮ್ಮ ಕಡೆಯ ಜಿಲ್ಲೆಗಳನ್ನು ಏಕೆ ಯಾವಾಗಲೂ ಪಟ್ಟಿಯ ಕೆಳಗಿನಿಂದ ಹುಡುಕಬೇಕು?

2024ರಲ್ಲಿ ಶೇ 94 ಪಡೆದ ಉಡುಪಿ ಮೊದಲಿತ್ತು, ಶೇ 50.59 ಪಡೆದ ಯಾದಗಿರಿ ಕಟ್ಟಕಡೆಯಲ್ಲಿತ್ತು. 2025ರ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೊದಲ ಪರೀಕ್ಷೆಯಲ್ಲಿ, ದಕ್ಷಿಣ ಕನ್ನಡಕ್ಕೆ ಶೇ 91.12, ಕಲಬುರಗಿಗೆ ಶೇ 42.43. ಕೊನೆಯ ಸ್ಥಾನವನ್ನು ನಾವು ನೆರೆಯವರಿಗೆ ಬಿಟ್ಟುಕೊಟ್ಟೆವು, ಅಷ್ಟೇ.

ಇದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟು ನೋಡಿ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57. ಯಾದಗಿರಿಯದು ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಆ ಗಣತಿಯ ವರ್ಷ ತಾಯಿಯ ಕಂಕುಳಲ್ಲಿದ್ದ ಕೂಸುಗಳೇ 2025ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರೆದವು. ಅಂದು ಹೆಬ್ಬೆಟ್ಟು ಒತ್ತಿದ ತಾಯಿಗೆ ಇಂದು ಮಗಳ ಪುಸ್ತಕದಲ್ಲಿ ಏನಿದೆ ಎಂದು ಹೇಗೆ ತಿಳಿಯಬೇಕು? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಅದರಲ್ಲಿದ್ದವು. ಹೀಗಾಗಿ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬರುವ ಅಂಕಿಯನ್ನು ನಾನು ಶಾಲೆಯ ಅಂಕಿ ಎಂದಷ್ಟೇ ಓದುವುದಿಲ್ಲ. ಎರಡು ತಲೆಮಾರಿನ ಬಾಕಿಯೂ ಅದರಲ್ಲಿ ಸೇರಿರುತ್ತದೆ. ಹಾಗೆಂದು ಶಾಲೆಯ ತಪ್ಪೇ ಇಲ್ಲ ಎನ್ನುತ್ತಿಲ್ಲ. ಅದಕ್ಕೂ ಬರುತ್ತೇನೆ.

2023ರಲ್ಲಿ ಶೇ 83 ಇದ್ದದ್ದು 2025ರಲ್ಲಿ 66ಕ್ಕೆ ಇಳಿಯಿತು. ಎರಡೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ?

ಮಕ್ಕಳು ಇದ್ದ ಹಾಗೆಯೇ ಇದ್ದರು. ಬದಲಾದದ್ದು ಕೊಠಡಿಯ ಗೋಡೆ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಎಲ್ಲೋ ಕಚೇರಿಯಲ್ಲಿ ಕುಳಿತವರು ನಮ್ಮ ಕೊಠಡಿಯನ್ನು ನೋಡತೊಡಗಿದರು. 2023ರ ಶೇ 83.89 ಇದ್ದಕ್ಕಿದ್ದಂತೆ ಕುಸಿಯಿತು. ಎಷ್ಟರ ಮಟ್ಟಿಗೆಂದರೆ, 2024ರಲ್ಲಿ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಿದ್ದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆಯೂ ಫಲಿತಾಂಶ ಶೇ 73.40ಕ್ಕೆ ನಿಂತಿತು. ಕೃಪಾಂಕವಿಲ್ಲದಿದ್ದರೆ ಐವತ್ತು ಚಿಲ್ಲರೆ. ಟೀಕೆ ಬಂದ ಮೇಲೆ ಸರ್ಕಾರ ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟಿತು. 2025ರ ಶೇ 66.14 ಅದಿಲ್ಲದೆ ಬಂದ ಅಂಕಿ. ಆ ಲೆಕ್ಕದಲ್ಲಿ ನೋಡಿದರೆ 2024ಕ್ಕಿಂತ 2025 ಉತ್ತಮ ವರ್ಷ. ಪತ್ರಿಕೆಗಳ ತಲೆಬರಹ ಮಾತ್ರ ಕುಸಿತ ಎಂದೇ ಹೇಳಿತು.

ನಕಲಿನ ಬಗ್ಗೆ ಮೇಷ್ಟ್ರುಗಳು ಬಾಯಿ ಬಿಡುವುದು ಕಡಿಮೆ. ನಾನೂ ಬಹಳ ವರ್ಷ ಬಿಡಲಿಲ್ಲ. ಕಿಟಕಿಯಿಂದ ಚೀಟಿ ಬರುವುದು ಬಡಪಾಯಿ ನಕಲು, ಅದನ್ನು ಜಾಗೃತ ದಳ ಹಿಡಿಯುತ್ತದೆ. ನಮ್ಮ ವರ್ಗವೇ ಬೆನ್ನು ತಿರುಗಿಸಿ ನಿಂತು, ಬಹು ಆಯ್ಕೆ ಪ್ರಶ್ನೆಗಳ ಉತ್ತರಗಳು ಬೆಂಚಿನಿಂದ ಬೆಂಚಿಗೆ ಸಾಗಲು ಬಿಡುವುದಿದೆಯಲ್ಲ, ಅದನ್ನು ಯಾವ ದಳವೂ ಹಿಡಿಯುತ್ತಿರಲಿಲ್ಲ. ಶೇಕಡಾವಾರು ಕಡಿಮೆಯಾದರೆ ನೋಟಿಸ್ ಬರುತ್ತದೆ, ನಕಲಾದರೆ ಬರುವುದಿಲ್ಲ. ಮುಖ್ಯೋಪಾಧ್ಯಾಯರು ಯಾವುದಕ್ಕೆ ಹೆದರಬೇಕು ನೀವೇ ಹೇಳಿ. ಕ್ಯಾಮೆರಾ ಬಂದಾಗ ನನಗೆ ಅವಮಾನವೂ ಆಯಿತು, ಹಗುರವೂ ಆಯಿತು.

ಹಾಗಾದರೆ ಸರ್ಕಾರಿ ಶಾಲೆಗೆ ಸೇರಿಸಿದ್ದೇ ತಪ್ಪೇ?

2025ರ ಪರೀಕ್ಷೆ-1ರಲ್ಲಿ ಸರ್ಕಾರಿ ಶಾಲೆಗಳ ಫಲಿತಾಂಶ ಶೇ 62.7, ಅನುದಾನಿತ ಶಾಲೆಗಳದು ಶೇ 58.97, ಅನುದಾನರಹಿತ ಶಾಲೆಗಳದು ಶೇ 75.59. ಖಾಸಗಿ ಶಾಲೆ ಹದಿಮೂರು ಅಂಕ ಮುಂದಿದೆ, ನಿಜ. ಆದರೆ ಅಲ್ಲಿಗೆ ಸೇರುವ ಮಗುವಿನ ಮನೆಯಲ್ಲಿ ಶುಲ್ಕ ಕಟ್ಟುವ ಶಕ್ತಿ ಇರುತ್ತದೆ. ಕಟ್ಟಿದ್ದಕ್ಕೆ ಲೆಕ್ಕ ಕೇಳುವ ಅಪ್ಪನೂ ಇರುತ್ತಾನೆ. ನಮ್ಮಲ್ಲಿಗೆ ಊರಿನ ಎಲ್ಲ ಮಕ್ಕಳೂ ಬರುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದನೆಂದು ಖಾಸಗಿ ಶಾಲೆಯವರು ವರ್ಗಾವಣೆ ಪತ್ರ ಕೈಗಿಟ್ಟು ಕಳುಹಿಸಿದ ಹುಡುಗ ಕೂಡ ಹತ್ತಕ್ಕೆ ನಮ್ಮಲ್ಲಿಗೇ ಬರುತ್ತಾನೆ. ಅವನ ನಪಾಸು ನಮ್ಮ ಖಾತೆಗೆ ಬೀಳುತ್ತದೆ.

ಸರ್ಕಾರಿ ವ್ಯವಸ್ಥೆಯ ಒಳಗೇ ಎಷ್ಟು ಅಂತರವಿದೆ ಎಂಬುದನ್ನೂ ನೋಡಿ. 2024ರಲ್ಲಿ 625ಕ್ಕೆ 625 ಪಡೆದು ರಾಜ್ಯಕ್ಕೆ ಮೊದಲು ಬಂದ ಹುಡುಗಿ ಓದಿದ್ದು ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ. ಪಠ್ಯಪುಸ್ತಕ ಅದೇ, ಪ್ರಶ್ನೆಪತ್ರಿಕೆ ಅದೇ. ಅಲ್ಲಿ ಪ್ರವೇಶ ಪರೀಕ್ಷೆ ಬರೆದು ಬಂದ ಮಕ್ಕಳಿದ್ದಾರೆ, ಊಟ ಇದೆ, ಹಾಸಿಗೆ ಇದೆ, ಸಂಜೆ ಓದಿಸುವವರಿದ್ದಾರೆ. ನಮ್ಮ ಶಾಲೆಯ ಹುಡುಗಿ ಸಂಜೆ ಮನೆಗೆ ಹೋಗಿ ರೊಟ್ಟಿ ಬಡಿಯುತ್ತಾಳೆ.

ಎಲ್ಲರೂ ಗಣಿತದಲ್ಲೇ ಏಕೆ ಬೀಳುತ್ತಾರೆ? ನೀವೇ ತಾನೇ ಗಣಿತದ ಮೇಷ್ಟ್ರು?

ನಾನೇ. ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸಬೇಕು.

ಪ್ರತಿ ಜೂನ್‌ನಲ್ಲಿ, ಹಿಂದಿನ ತರಗತಿಗಳ ಕಲಿಕೆಯನ್ನು ನೆನಪಿಸುವ ಸೇತುಬಂಧ ಕಾರ್ಯಕ್ರಮದ ಹೊತ್ತಿಗೆ, ಎಂಟನೆಯ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಒಂದು ಭಾಗಾಕಾರ ಕೊಡುತ್ತೇನೆ: 612ನ್ನು 6ರಿಂದ ಭಾಗಿಸಿ. ಉತ್ತರ 102. ಅರ್ಧಕ್ಕಿಂತ ಹೆಚ್ಚು ಮಕ್ಕಳು 12 ಎಂದು ಬರೆಯುತ್ತಾರೆ. ಆರೊಂದಲೆ ಆರು, ಸರಿ. ಮುಂದಿನ 1ರಲ್ಲಿ ಆರು ಹೋಗುವುದಿಲ್ಲ, ಅದಕ್ಕೆ ಸೊನ್ನೆ ಇಡಬೇಕು. ಇಡುವುದಿಲ್ಲ, ನೇರವಾಗಿ 12ಕ್ಕೆ ಹೋಗುತ್ತಾರೆ. ಆರುನೂರು ರೂಪಾಯಿಯನ್ನು ಆರು ಜನ ಹಂಚಿಕೊಂಡರೆ ಒಬ್ಬರಿಗೆ ಎಷ್ಟು ಎಂದು ಬಾಯಲ್ಲಿ ಕೇಳಿದರೆ ಅದೇ ಮಕ್ಕಳು ತಟ್ಟನೆ ನೂರು ಎನ್ನುತ್ತಾರೆ. ಹತ್ತಿ ಬಿಡಿಸಿದ ಕೂಲಿ ಎಣಿಸಿಕೊಂಡ ಮಕ್ಕಳಲ್ಲವೇ. ಬಾಯಲ್ಲಿ ಬಂದ ನೂರಕ್ಕೂ ಕಾಗದದ ಮೇಲಿನ ಹನ್ನೆರಡಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ತೋರಿಸಿಲ್ಲ.

ಇದು ಯಾದಗಿರಿಯ ಕಥೆ ಮಾತ್ರವಲ್ಲ. 14ರಿಂದ 18 ವರ್ಷದವರ ಬಗ್ಗೆ ಅಸರ್ ಸಂಸ್ಥೆ 2023ರಲ್ಲಿ ದೇಶದ ಹಲವು ಗ್ರಾಮೀಣ ಜಿಲ್ಲೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಅರ್ಧಕ್ಕಿಂತ ಹೆಚ್ಚು ಮಂದಿ ತಡವರಿಸಿದರು. ಎರಡನೆಯ ತರಗತಿಯ ಪಾಠವನ್ನು ತಮ್ಮ ಭಾಷೆಯಲ್ಲೇ ಸರಾಗವಾಗಿ ಓದಲಾಗದವರು ಸುಮಾರು ಕಾಲು ಭಾಗ ಇದ್ದರು.

ಇಂಥ ಮಗು ಹತ್ತನೆಯ ತರಗತಿಗೆ ಬಂದಾಗ ಸಮಾಂತರ ಶ್ರೇಢಿ ಎದುರಾಗುತ್ತದೆ. 7, 3, −1... ಸಾಮಾನ್ಯ ವ್ಯತ್ಯಾಸ ಎಷ್ಟು? ಮೂರರಲ್ಲಿ ಏಳು ಕಳೆಯಬೇಕು. "ಸರ್, ಹೋಗುವುದಿಲ್ಲ" ಎನ್ನುತ್ತದೆ ಮಗು. ಅದು ಎರಡನೆಯ ತರಗತಿಯಲ್ಲಿ ಕಲಿತ ಮಾತು, ಅಲ್ಲಿಂದ ಮುಂದಕ್ಕೆ ಯಾರೂ ಕರೆದುಕೊಂಡು ಹೋಗಿಲ್ಲ. ಸೂತ್ರ ಗೊತ್ತಿದ್ದು, ಕಳೆಯಲು ಬಾರದೆ ಬಿದ್ದವರು ನನ್ನ ಶಾಲೆಯಲ್ಲಿ ಸೂತ್ರ ಗೊತ್ತಿಲ್ಲದೆ ಬಿದ್ದವರಿಗಿಂತ ಹೆಚ್ಚು.

ನನ್ನ ತಪ್ಪೂ ಇದೆ. ಬಹಳ ವರ್ಷ ನಾನು ಪಠ್ಯ ಮುಗಿಸುವ ಮೇಷ್ಟ್ರಾಗಿದ್ದೆ. ಡಿಸೆಂಬರ್ ಒಳಗೆ ಎಲ್ಲ ಅಧ್ಯಾಯ ಮುಗಿಸಿದ್ದೇನೆ ಎಂದು ಸಭೆಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ. ತ್ರಿಕೋನಮಿತಿ ಮುಗಿಸಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಮಗ್ಗಿಯ ಚೀಟಿಯನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟುಕೊಂಡು ನೋಡುತ್ತಿದ್ದ. ಪರೀಕ್ಷೆಯೇನೂ ಇರಲಿಲ್ಲ. ಮಗ್ಗಿ ಬರುವುದಿಲ್ಲ ಎಂದು ಹೇಳಲು ನಾಚಿಕೆ. ಅಂದಿನಿಂದ ನಾನು ಎಂಟನೆಯ ತರಗತಿಯ ಮೊದಲ ಮೂರು ತಿಂಗಳು ಪಠ್ಯವನ್ನು ಅರ್ಧ ಹೊತ್ತು ಮಾತ್ರ ಮಾಡುತ್ತೇನೆ, ಉಳಿದ ಅರ್ಧ ಮಗ್ಗಿ, ಭಿನ್ನರಾಶಿ, ಭಾಗಾಕಾರ. ಪಠ್ಯ ಹಿಂದುಳಿದಿದೆ ಎಂದು ಭೇಟಿಗೆ ಬಂದವರು ಬರೆದು ಹೋಗುತ್ತಾರೆ. ಬರೆಯಲಿ.

ಎಂಟನೆಯ ತರಗತಿಯವರೆಗೆ ಯಾರನ್ನೂ ಫೇಲ್ ಮಾಡುವುದಿಲ್ಲವಲ್ಲ, ಅದೇ ಮೂಲವಲ್ಲವೇ?

ಊರಿನ ಅರ್ಧ ಜನ ಹೀಗೆಯೇ ನಂಬಿದ್ದಾರೆ. 2019ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿಯಾಗಿ ಐದು ಮತ್ತು ಎಂಟನೆಯ ತರಗತಿಯಲ್ಲಿ ಪರೀಕ್ಷೆ ನಡೆಸಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ನಮ್ಮ ರಾಜ್ಯ 5, 8, 9ನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸಿದಾಗ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು.

ನನ್ನ ಅಭಿಪ್ರಾಯ ಕೇಳಿದರೆ, ಐದನೆಯ ತರಗತಿಯ ಮಗುವನ್ನು ಅಲ್ಲೇ ಕೂರಿಸಿದರೆ ಅದು ಭಾಗಾಕಾರ ಕಲಿಯುವುದಿಲ್ಲ, ಕುರಿ ಕಾಯಲು ಹೋಗುತ್ತದೆ. ಹಾಗೆಂದು ಏನೂ ಕೇಳದೆ ಮುಂದೂಡುವುದೂ ಕರುಣೆಯಲ್ಲ. ಮಗುವಿಗೆ ಏನು ಬರುವುದಿಲ್ಲ ಎಂಬ ಚೀಟಿಯೊಂದು ಅದರ ಜೊತೆಗೆ ಮುಂದಿನ ಮೇಷ್ಟ್ರ ಕೈ ಸೇರಬೇಕು. ಈಗ ಸೇರುವುದು ಶ್ರೇಣಿ ಮಾತ್ರ. ಪ್ರಗತಿ ಪತ್ರದಲ್ಲಿ ಬಿ+ ಎಂದಿರುತ್ತದೆ, 612ರ ಸೊನ್ನೆಯ ವಿಷಯ ಅದರಲ್ಲಿ ಇರುವುದಿಲ್ಲ.

ಕೋವಿಡ್ ಮುಗಿದು ಇಷ್ಟು ವರ್ಷವಾಯಿತು. ಇನ್ನೂ ಅದನ್ನೇ ನೆಪ ಹೇಳುತ್ತೀರಾ?

2025ರ ಮಾರ್ಚ್‌ನಲ್ಲಿ ಪರೀಕ್ಷೆ ಬರೆದ ಮಕ್ಕಳು 2020ರಲ್ಲಿ ಶಾಲೆ ಮುಚ್ಚಿದಾಗ ಆರನೆಯ ತರಗತಿಗೆ ಕಾಲಿಡುವವರು. ಅವರ ನಂತರದ ವರ್ಷದ ತಂಡ ಐದಕ್ಕೆ ಕಾಲಿಡುವವರು. ಭಿನ್ನರಾಶಿ, ದಶಮಾಂಶ, ದೊಡ್ಡ ಭಾಗಾಕಾರ ಕಲಿಯುವ ವಯಸ್ಸು ಅದು. ವಿದ್ಯಾಗಮದ ಹೆಸರಿನಲ್ಲಿ ಮೇಷ್ಟ್ರುಗಳು ಗುಡಿಯ ಕಟ್ಟೆಯಲ್ಲಿ, ಬೇವಿನ ಮರದಡಿ ಪಾಠ ಮಾಡಿದರು. ನಂತರ 2022-23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು. ಹೊಲದ ಕೆಲಸಕ್ಕೆ ಕೈ ಒಗ್ಗಿಹೋಗಿದ್ದ ಮಕ್ಕಳನ್ನು ಅಷ್ಟರಿಂದ ಪೂರ್ತಿ ಮರಳಿ ತರಲಾಗಲಿಲ್ಲ. ಅದನ್ನು ನೆಪ ಎನ್ನುವವರು ಆ ಎರಡು ವರ್ಷಗಳ ಹಾಜರಿ ಪುಸ್ತಕ ತೆರೆದು ನೋಡಲಿ.

ಹತ್ತಿ ಬಿಡಿಸುವ ಕಾಲದಲ್ಲಿ ಮಗುವನ್ನು ಒಂದೆರಡು ತಿಂಗಳು ಶಾಲೆ ಬಿಡಿಸಿಕೊಂಡರೆ ಏನಾಗುತ್ತದೆ? ಹೇಗೂ ಫೆಬ್ರುವರಿಯಲ್ಲಿ ಓದಿಸುತ್ತೀರಲ್ಲ.

ಈ ಮಾತನ್ನು ಹೇಳುವ ತಂದೆ ಕೆಟ್ಟವನಲ್ಲ. ನವೆಂಬರ್‌ನಿಂದ ಜನವರಿಯವರೆಗೆ ನಮ್ಮ ಸೀಮೆಯಲ್ಲಿ ಹತ್ತಿ ಒಡೆದು ಬೆಳ್ಳಗೆ ನಿಂತಿರುತ್ತದೆ. ಬಿಡಿಸುವ ಕೆಲಸಕ್ಕೆ ಕಿಲೋ ಲೆಕ್ಕದ ಕೂಲಿ, ಸಣ್ಣ ಕೈಗಳು ಚುರುಕು. ರಾಯಚೂರಿನ ಕಡೆ ಮೆಣಸಿನಕಾಯಿ ಬಿಡಿಸುವ ಕಾಲವೂ ಹೀಗೆಯೇ. ದೀಪಾವಳಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ ಕಡೆಗೆ ಗುಳೆ ಹೋಗುವ ಮನೆಗಳಿಗೆ ಬೀಗ ಬೀಳುತ್ತದೆ. ಅಜ್ಜಿ ಇದ್ದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಅದೂ ಟಂಟಂ ಗಾಡಿ ಹತ್ತುತ್ತದೆ.

ಈಗ ಶಾಲೆಯ ವೇಳಾಪಟ್ಟಿ ನೋಡಿ. ನವೆಂಬರ್‌ನಿಂದ ಜನವರಿ ಎಂದರೆ ಹತ್ತನೆಯ ತರಗತಿಯ ತ್ರಿಕೋನಮಿತಿ, ವೃತ್ತಗಳು, ವಿಜ್ಞಾನದಲ್ಲಿ ಬೆಳಕು ಮತ್ತು ವಿದ್ಯುತ್ ಶಕ್ತಿ. ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಹೊಲದ ಸುಗ್ಗಿ, ಪಾಠದ ಸುಗ್ಗಿ ಎರಡೂ ಒಂದೇ ಕಾಲಕ್ಕೆ ಬೀಳುತ್ತವೆ. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಅದನ್ನು ಕಾಗದದ ಮೇಲೆ ಸರಿ ಮಾಡಿದ ಮೇಷ್ಟ್ರುಗಳಿದ್ದಾರೆ, ಮಗುವಿನ ವರ್ಷ ಹಾಳಾಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ. ಆದರೆ ಹಾಜರಿ ಪುಸ್ತಕದಲ್ಲಿ ಶೇ 78 ಇದ್ದು, ಮಗುವಿನ ಟಿಪ್ಪಣಿ ಪುಸ್ತಕದಲ್ಲಿ ನವೆಂಬರ್ 10ರಿಂದ ಜನವರಿ 20ರವರೆಗೆ ಖಾಲಿ ಹಾಳೆಗಳಿದ್ದರೆ ಮೋಸ ಹೋದವರು ಯಾರು?

ನಾನು ತಂದೆಯರ ಬಳಿ ಚೌಕಾಸಿ ಮಾಡುತ್ತೇನೆ. ಶಾಲೆ ಬಿಡಿಸಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲ. ವಾರದಲ್ಲಿ ನಾಲ್ಕು ದಿನ ಕಳುಹಿಸಿ, ಉಳಿದ ದಿನ ನಿಮ್ಮವು ಎನ್ನುತ್ತೇನೆ. ಇಲಾಖೆಯ ನಿಯಮಕ್ಕೆ ಇದು ವಿರುದ್ಧ ಎಂದು ಗೊತ್ತು. ಎರಡು ತಿಂಗಳು ಪೂರ್ತಿ ಹೋಗುವುದಕ್ಕಿಂತ ಇದು ವಾಸಿ. ಗುಳೆ ಹೋಗುವವರು ಊರು ಬಿಡುವ ಮೊದಲು ದಯವಿಟ್ಟು ಶಾಲೆಗೆ ಬಂದು ಹೇಳಿ. ಹಾಸ್ಟೆಲ್‌ನಲ್ಲಿ ಜಾಗ ಸಿಗುತ್ತದೆಯೇ ಎಂದು ವಿಚಾರಿಸಲು ಒಂದು ವಾರವಾದರೂ ಬೇಕು. ರಾತ್ರೋರಾತ್ರಿ ಬೀಗ ಹಾಕಿಕೊಂಡು ಹೋದರೆ ಏನೂ ಮಾಡಲಾಗದು.

ಶಾಲೆಯಲ್ಲಿ ಮೇಷ್ಟ್ರುಗಳೇ ಇಲ್ಲವಲ್ಲ?

ಇಲ್ಲದ ಶಾಲೆಗಳಿವೆ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುತ್ತಾರೆ. ಅವರು ಬರುವ ಹೊತ್ತಿಗೆ ಜೂನ್ ಕಳೆದಿರುತ್ತದೆ, ಕೆಲವು ಕಡೆ ಜುಲೈ ಕೂಡ. ಗೌರವಧನ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಅವರಲ್ಲಿ ನನಗಿಂತ ಚೆನ್ನಾಗಿ ಕಲಿಸುವವರನ್ನು ನೋಡಿದ್ದೇನೆ. ಅಂಥವರು ನೇಮಕಾತಿ ಪರೀಕ್ಷೆಗೆ ಓದಿಕೊಳ್ಳುತ್ತಾ ಇದ್ದು, ಒಂದು ದಿನ ಎಲ್ಲೋ ಆಯ್ಕೆಯಾಗಿ ಹೋಗಿಬಿಡುತ್ತಾರೆ. ಖಾಯಂ ಮೇಷ್ಟ್ರುಗಳಲ್ಲೂ ದೂರದ ಜಿಲ್ಲೆಯಿಂದ ಬಂದವರು ವರ್ಗಾವಣೆಯ ಪಟ್ಟಿ ಕಾಯುತ್ತಿರುತ್ತಾರೆ. ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ಮೀಸಲಾತಿ ಬಂದ ಮೇಲೆ ಊರಿನ ಕಡೆಯವರೇ ನೇಮಕವಾಗಿ ನಿಲ್ಲುವುದು ಸ್ವಲ್ಪ ಹೆಚ್ಚಾಗಿದೆ.

ಇರುವವರ ಸಮಯ ಎಲ್ಲಿ ಹೋಗುತ್ತದೆ ಎಂಬುದನ್ನೂ ಕೇಳಿ. ಚುನಾವಣೆ, ಮತದಾರರ ಪಟ್ಟಿ, ತರಬೇತಿ, ಆನ್‌ಲೈನ್ ಮಾಹಿತಿ ತುಂಬುವುದು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳನ್ನೇ ಹಚ್ಚಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಖಾಸಗಿ ಶಾಲೆಯ ಮಕ್ಕಳು ಆ ದಿನಗಳಲ್ಲಿ ಪಾಠ ಕೇಳುತ್ತಿದ್ದರು.

ಪಾಸಾಗಲು ಈಗ ಎಷ್ಟು ಅಂಕ ಬೇಕು?

ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಹಿಂದೆ ಶೇ 35 ಬೇಕಿತ್ತು. 2025-26ನೇ ಸಾಲಿನಿಂದ ಒಟ್ಟಾರೆ ಶೇ 33, ಅಂದರೆ 206 ಅಂಕ ಸಾಕು ಎಂದು ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಪ್ರತಿ ವಿಷಯದಲ್ಲಿ ಲಿಖಿತ ಮತ್ತು ಆಂತರಿಕ ಅಂಕ ಸೇರಿ ಶೇ 30 ಬರಬೇಕು. ಆಂತರಿಕ 20ಕ್ಕೆ 18, 19 ಕೊಡುವ ವಾಡಿಕೆ ಇರುವಾಗ ಗಣಿತದ 80 ಅಂಕಗಳ ಪತ್ರಿಕೆಯಲ್ಲಿ ಮಗು ಎಷ್ಟು ಬರೆದರೆ ಸಾಕು ಎಂದು ಕಳೆದು ನೋಡಿ. ಮುಂದಿನ ವರ್ಷಗಳ ಶೇಕಡಾವಾರು ಏರಿದರೆ ಪಟಾಕಿ ಹೊಡೆಯುವ ಮೊದಲು ಈ ಕಳೆಯುವ ಲೆಕ್ಕ ನೆನಪಿರಲಿ.

ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ದತ್ತು ಯೋಜನೆ ಇವುಗಳಿಂದ ಉಪಯೋಗವಿದೆಯೇ?

ದಾಟಿಸುವಷ್ಟು ಉಪಯೋಗವಿದೆ. ಗಣಿತದ ಪತ್ರಿಕೆಯ ನೀಲನಕ್ಷೆ ಎಲ್ಲರಿಗೂ ಗೊತ್ತು: 38 ಪ್ರಶ್ನೆ, 80 ಅಂಕ. ಒಂದು ಅಂಕದ ಹದಿನಾರು, ಎರಡು ಅಂಕದ ಎಂಟು, ಮೂರರ ಒಂಬತ್ತು, ನಾಲ್ಕರ ನಾಲ್ಕು, ಐದರದು ಒಂದು. ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ ಮತ್ತು ಬಹುಲಕ, ವರ್ಗ ಸಮೀಕರಣದ ಸೂತ್ರ, ಇಷ್ಟನ್ನು ಕೈ ಬೀಳುವವರೆಗೆ ಬರೆಸಿದರೆ ಹಿಂದಿನ ಬೆಂಚಿನ ಹುಡುಗನೂ ದಡ ಸೇರುತ್ತಾನೆ. ಮೇಷ್ಟ್ರುಗಳು ಹಿಂದುಳಿದ ಮಕ್ಕಳನ್ನು ಐದೈದರಂತೆ ದತ್ತು ಪಡೆಯುತ್ತಾರೆ, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುತ್ತಾರೆ. ನಾನೂ ಎಬ್ಬಿಸುತ್ತೇನೆ. ಒಮ್ಮೆ ಫೋನ್ ಎತ್ತಿದ ಅಜ್ಜಿ, "ಅವನು ಆಗಲೇ ಎದ್ದು ಹಾಲು ಹಾಕಲು ಹೋಗಿದ್ದಾನಪ್ಪಾ, ನೀನು ಮಲಗು" ಎಂದರು.

ಆದರೆ ಹೀಗೆ ಪಾಸಾದವನು ಪಿಯುಸಿ ವಿಜ್ಞಾನಕ್ಕೆ ಸೇರಿದರೆ ಮೊದಲ ತಿಂಗಳಲ್ಲೇ ಮುಳುಗುತ್ತಾನೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹತ್ತನೆಯ ತರಗತಿಗೆ ಸುರಿಯುವ ಈ ಶ್ರಮದಲ್ಲಿ ಕಾಲು ಭಾಗವನ್ನು ಎಂಟನೆಯ ತರಗತಿಯ ಜೂನ್ ತಿಂಗಳಿಗೆ ಸುರಿದಿದ್ದರೆ ಎಂದು ಪ್ರತಿ ವರ್ಷವೂ ಅನ್ನಿಸುತ್ತದೆ. ಎಂಟನೆಯ ತರಗತಿಯ ಫಲಿತಾಂಶವನ್ನು ಯಾರೂ ಪತ್ರಿಕೆಯಲ್ಲಿ ಹಾಕುವುದಿಲ್ಲ. ಅಲ್ಲೇ ಸಮಸ್ಯೆ.

ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸಿದರೆ ಅಂಕ ಹೆಚ್ಚುತ್ತದೆಯೇ?

ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟರಲ್ಲಿ ಬದಲಾಯಿಸಬೇಡಿ ಎಂದು ನಾನು ಹೇಳುತ್ತೇನೆ. ಬದಲಾಯಿಸಿದ ಮಕ್ಕಳು ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಕಳೆದುಕೊಂಡರು, ಅದರ ಇಂಗ್ಲಿಷ್ ಹೆಸರನ್ನು ಬಾಯಿಪಾಠ ಮಾಡಿದರು, ಎಲೆಯಲ್ಲಿ ನಡೆಯುವುದೇನು ಎಂಬುದು ಎರಡರಲ್ಲೂ ತಿಳಿಯಲಿಲ್ಲ. ಬದಲಾಯಿಸಲೇಬೇಕೆಂದಿದ್ದರೆ ಮಗು ಇಂಗ್ಲಿಷ್ ಪಠ್ಯದ ಒಂದು ಪುಟವನ್ನು ಓದಿ ನಿಮಗೆ ಕನ್ನಡದಲ್ಲಿ ಹೇಳಲಿ. ಹೇಳಿದರೆ ಸೇರಿಸಿ.

ಟ್ಯೂಷನ್ ಬೇಕೇ?

ಬರುವುದಿಲ್ಲ ಎಂದದ್ದನ್ನು ಕೂರಿಸಿ ಹೇಳಿಕೊಡುವವರಿದ್ದರೆ ಬೇಕು. ನಲವತ್ತು ಮಕ್ಕಳನ್ನು ಕೂರಿಸಿ ಟಿಪ್ಪಣಿ ಬರೆಸುವವರಾದರೆ, ಅದನ್ನು ಶಾಲೆಯಲ್ಲಿ ನಾವೇ ಪುಕ್ಕಟೆ ಮಾಡುತ್ತೇವೆ.

ಬಿಸಿಯೂಟ, ಮೊಟ್ಟೆ ಪ್ರೌಢಶಾಲೆಗೂ ಇದೆಯೇ?

ಇದೆ, ಹತ್ತನೆಯ ತರಗತಿಯವರೆಗೆ. ಅಜೀಂ ಪ್ರೇಮ್‌ಜಿ ಫೌಂಡೇಷನ್‌ನ ನೆರವಿನಿಂದ 2024ರಿಂದ ಮೊಟ್ಟೆ ವಾರಕ್ಕೆ ಆರು ದಿನ, ತಿನ್ನದವರಿಗೆ ಬಾಳೆಹಣ್ಣು. ಮಧ್ಯಾಹ್ನದ ಮೊದಲ ಅವಧಿಯಲ್ಲಿ ನಿದ್ದೆ ಜಾಸ್ತಿಯಾಗಿದೆ, ಮೂರ್ಛೆ ಬೀಳುವುದು ಕಡಿಮೆಯಾಗಿದೆ. ನಾನು ನಿದ್ದೆಯ ಪರ.

ಹೆಣ್ಣುಮಕ್ಕಳೇ ಏಕೆ ಯಾವಾಗಲೂ ಮುಂದೆ?

2025ರಲ್ಲಿ ಹುಡುಗಿಯರು ಶೇ 74, ಹುಡುಗರು ಶೇ 58.07. ಹುಡುಗಿಗೆ ಗೊತ್ತು, ಫೇಲಾದರೆ ಮರುಪರೀಕ್ಷೆಯ ಮೊದಲೇ ನಿಶ್ಚಿತಾರ್ಥ. ಹುಡುಗನಿಗೆ ಅಂಥ ಭಯವಿಲ್ಲ, ಅವನಿಗೆ ಬೈಕ್ ಇದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಪಕ್ಕದ ಹಳ್ಳಿಗಳಿಂದ ಬರುವ ಹುಡುಗಿಯರು ಬಸ್ ಪಾಸಿನ ದುಡ್ಡಿಗಾಗಿ ಮನೆಯಲ್ಲಿ ಬೇಡುವುದು ತಪ್ಪಿತು. ಬಸ್ಸೇ ಇಲ್ಲದ ಊರಿಗೆ ಉಚಿತ ಟಿಕೆಟ್ ಏನೂ ಮಾಡುವುದಿಲ್ಲ. ಎಂಟನೆಯ ತರಗತಿಗೆ ಕೊಡುತ್ತಿದ್ದ ಸೈಕಲ್ ಕೋವಿಡ್ ಕಾಲದಿಂದ ನಿಂತಿತು. ಅದರ ಬೆಲೆ ಗೊತ್ತಾಗಿದ್ದು ನಿಂತ ಮೇಲೆ. ಇನ್ನು ಮದುವೆಯ ಮಾತು. ಹದಿನೆಂಟು ತುಂಬುವ ಮೊದಲು ಮದುವೆ ಅಪರಾಧ. ತಡೆಯಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಹುಡುಗಿಯೇ ಮಾಡಬಹುದು, ಗೆಳತಿಯೂ ಮಾಡಬಹುದು. ಹೆಸರು ಹೊರಬರುವುದಿಲ್ಲ.

ಮಗ ನಪಾಸಾಗಿದ್ದಾನೆ. ಮುಂದೇನು?

ಮೊದಲು ಅವನಿಗೆ ಊಟ ಹಾಕಿ. ಆ ರಾತ್ರಿ ಒಬ್ಬನನ್ನೇ ಬಿಡಬೇಡಿ, ನೆಂಟರ ಫೋನ್ ಎತ್ತಬೇಡಿ.

2023-24ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1 ಕೈಕೊಟ್ಟರೆ ಪರೀಕ್ಷೆ-2. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಪರೀಕ್ಷೆ-2ಕ್ಕೆ ಸಿಗುವುದು ಕೆಲವೇ ವಾರ. ಹೆಸರು ನೋಂದಾಯಿಸಲು ಶಾಲೆಗೆ ಆ ದಿನವೇ ಬನ್ನಿ. ನನ್ನ ಅನುಭವದಲ್ಲಿ ಒಂದು ಅಥವಾ ಎರಡು ವಿಷಯ ಉಳಿಸಿಕೊಂಡವರು ಬೇಗ ಬಂದರೆ ಬಹುಪಾಲು ಪಾಸಾಗುತ್ತಾರೆ. ಬಾರದೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಮತ್ತೆ ಪುಸ್ತಕ ಹಿಡಿದದ್ದು ಅಪರೂಪ. ಮೊದಲ ಕೂಲಿ ಕೈಗೆ ಬಂದ ಮೇಲೆ ವೃತ್ತದ ಸ್ಪರ್ಶಕ ಯಾರಿಗೆ ಬೇಕು.

ಅಂಕ ಕಡಿಮೆ ಬಂದಿದೆ ಎಂಬ ಅನುಮಾನವಿದ್ದರೆ ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಿ. ಆಮೇಲೆ ಮರುಎಣಿಕೆಯೋ ಮರುಮೌಲ್ಯಮಾಪನವೋ ಎಂದು ವಿಷಯ ಶಿಕ್ಷಕರ ಜೊತೆ ಕುಳಿತು ತೀರ್ಮಾನಿಸಿ. ಮಗು "ಚೆನ್ನಾಗಿ ಬರೆದಿದ್ದೆ" ಎಂದ ಮಾತ್ರಕ್ಕೆ ದುಡ್ಡು ಕಟ್ಟಬೇಡಿ.

ಪಾಸಾದ ಮೇಲೆ ಪಿಯುಸಿ ಒಂದೇ ದಾರಿಯಲ್ಲ. ಐಟಿಐ, ಪಾಲಿಟೆಕ್ನಿಕ್ ಡಿಪ್ಲೊಮಾ ಇವೆ. ಕೈ ಚುರುಕಿರುವ ಮಗುವನ್ನು ನೆರೆಮನೆಯವರಿಗೆ ಪೈಪೋಟಿಯಾಗಿ ವಿಜ್ಞಾನಕ್ಕೆ ತಳ್ಳಬೇಡಿ.

ಬಡ ಮಕ್ಕಳಿಗೆ ಏನಾದರೂ ವಿದ್ಯಾರ್ಥಿವೇತನ ಇದೆಯೇ?

ಹಲವು ಇವೆ, ಆದರೆ ಜನರಿಗೆ ಗೊತ್ತಿರದ ಒಂದನ್ನು ಹೇಳುತ್ತೇನೆ: ಎನ್‌ಎಂಎಂಎಸ್, ಅಂದರೆ ಆದಾಯ ಮತ್ತು ಪ್ರತಿಭೆ ನೋಡಿ ಕೊಡುವ ರಾಷ್ಟ್ರೀಯ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೆಯ ತರಗತಿಯ ಮಕ್ಕಳು ಪರೀಕ್ಷೆ ಬರೆಯಬೇಕು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಪ್ರಶ್ನೆಗಳಲ್ಲಿ ಅರ್ಧ ಮಾನಸಿಕ ಸಾಮರ್ಥ್ಯದವು, ಬಾಯಿಪಾಠಕ್ಕೆ ಬಗ್ಗದವು. ಆದಾಯ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಒಂದೇ ರೀತಿಯ ಹೆಸರು, ಬ್ಯಾಂಕ್ ಖಾತೆ ಇವನ್ನು ಜೂನ್‌ನಲ್ಲೇ ಸರಿಮಾಡಿಸಿಕೊಳ್ಳಿ. ಹಣ ತಪ್ಪಿಸಿಕೊಂಡ ಮಕ್ಕಳಲ್ಲಿ ಅರ್ಧ ಮಂದಿ ತಪ್ಪಿಸಿಕೊಂಡದ್ದು ಹೆಸರಿನ ಒಂದು ಅಕ್ಷರದ ವ್ಯತ್ಯಾಸಕ್ಕೆ.

ಓದು ಬಾರದ ನಾವು ಶಾಲೆಗೆ ಬಂದು ಏನು ನೋಡಬೇಕು?

ಟಿಪ್ಪಣಿ ಪುಸ್ತಕ ತೆರೆಸಿ. ಅಕ್ಷರ ಬಾರದಿದ್ದರೂ ಖಾಲಿ ಹಾಳೆ ಕಾಣುತ್ತದೆ, ಮೇಷ್ಟ್ರ ಕೆಂಪು ಶಾಯಿ ಕಾಣುತ್ತದೆ. ಕೆಂಪು ಶಾಯಿ ಎಲ್ಲೂ ಇಲ್ಲದಿದ್ದರೆ ನಮ್ಮನ್ನು ಕೇಳಿ, ನಾವು ತಲೆ ತಗ್ಗಿಸಬೇಕು. "ನನ್ನ ಮಗ ಹೇಗೆ ಓದುತ್ತಾನೆ" ಎಂದು ಕೇಳಬೇಡಿ, ಪರವಾಗಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. "ಅವನಿಗೆ ಏನು ಬರುವುದಿಲ್ಲ" ಎಂದು ಕೇಳಿ. ಕಳೆದ ತಿಂಗಳು ಎಷ್ಟು ದಿನ ಬಂದಿದ್ದಾನೆ ಎಂದು ಕೇಳಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಬಣ್ಣ, ಕಾಂಪೌಂಡ್, ಧ್ವಜಕಂಬದ ಚರ್ಚೆ ಮುಗಿದ ಮೇಲೆ ಈ ಎರಡು ಪ್ರಶ್ನೆ ಎತ್ತಿದರೆ ಸಭೆ ಅರ್ಧ ಗಂಟೆ ಉದ್ದವಾಗುತ್ತದೆ, ಆಗಲಿ.

ನಿಮ್ಮ ಮಕ್ಕಳು ಎಲ್ಲಿ ಓದುತ್ತಾರೆ ಗುರುಗಳೇ?

ಇದನ್ನು ಎಲ್ಲರೂ ಕೇಳುತ್ತಾರೆ, ಕೊನೆಯಲ್ಲಿ, ಮೆಲ್ಲಗೆ.

ಮಗಳು ನಾನು ಕಲಿಸುವ ಶಾಲೆಯಲ್ಲೇ ಓದಿ ಈಗ ಪಿಯುಸಿಯಲ್ಲಿದ್ದಾಳೆ. ಮಗನನ್ನು ಪಟ್ಟಣದ ಖಾಸಗಿ ಶಾಲೆಗೆ ಹಾಕಿದ್ದೇವೆ. ಅವನು ಒಂದನೆಯ ತರಗತಿಗೆ ಸೇರುವ ವರ್ಷ ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಮೇಷ್ಟ್ರುಗಳಿದ್ದರು, ಹೆಂಡತಿ ಒಪ್ಪಲಿಲ್ಲ. ನಾನೂ ಹೆಚ್ಚು ವಾದಿಸಲಿಲ್ಲ. ಈ ಉತ್ತರವನ್ನು ಒಮ್ಮೆ ಒಬ್ಬ ಹಮಾಲಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ 612 ಸರಿಯಾಗಿ ಭಾಗಿಸುತ್ತಾನಾ ಸರ್?" ಎಂದು ಕೇಳಿದರು. ಅವರ ಮಗಳು ನನ್ನ ಎಂಟನೆಯ ತರಗತಿಯಲ್ಲಿದ್ದಳು. ಆ ರಾತ್ರಿ ಮಗನನ್ನು ಕೂರಿಸಿ ಲೆಕ್ಕ ಕೊಟ್ಟೆ. ಅವನೂ ಸೊನ್ನೆ ಬಿಟ್ಟಿದ್ದ.